ಹಳೇ ದೇವರುಗಳ ಪಿಸುಮಾತು: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಈ ಆನ್‌ಲೈನ್ ಆಟದ ಕಥೆ ಶುರು ಮಾಡಿದರೆ ಎದುರಿಗಿದ್ದವರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಕೆಲವು ಪತ್ರದಲ್ಲಿ ಬಂದವು. ಕೆಲವು ಆಟದ ನಡುವೆ ವಾಯ್ಸ್ ಚಾಟ್‌ನಲ್ಲಿ ಬಂದವು. ಒಂದೆರಡು ಮನೆಯವರೇ ಕೇಳಿದ್ದು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ಕಥೆಯ ಗುಟ್ಟುಗಳೆಲ್ಲ ಇಲ್ಲಿ ರಟ್ಟಾಗುತ್ತವೆ. ಹೊಸದಾಗಿ ಆಡುತ್ತಿರುವವರು ಆಟ ಮುಗಿಸಿಕೊಂಡೇ ಬನ್ನಿ.

## ಮೊದಲು ತಿಳಿಯಬೇಕಾದದ್ದು

ಓಲ್ಡ್ ಗಾಡ್ಸ್ ಅಂದ್ರೆ ಯಾರು? ದೇವರಾ, ರಾಕ್ಷಸರಾ?

ಎರಡೂ ಪೂರ್ತಿ ಸರಿಹೊಂದುವುದಿಲ್ಲ. ವಾಯ್ಡ್ ಲಾರ್ಡ್‌ಗಳು ಎಂಬ ಕತ್ತಲ ಶಕ್ತಿಗಳಿವೆ. ಅವು ನೇರವಾಗಿ ನಮ್ಮ ಲೋಕಕ್ಕೆ ಕಾಲಿಡಲಾರವು. ಅದಕ್ಕೇ ಬೀಜ ಎರಚಿದ ಹಾಗೆ ಒಂದಿಷ್ಟು ಜೀವಿಗಳನ್ನು ಬಾಹ್ಯಾಕಾಶಕ್ಕೆ ಎಸೆದವು. ಅಂಥ ಬೀಜ ಬಿದ್ದ ಲೋಕಗಳಲ್ಲಿ, ಆಟ ನಡೆಯುವ ಅಜೆರಾತ್ ಒಂದು. ಬಿದ್ದಲ್ಲೇ ಬೇರು ಬಿಟ್ಟು, ಬೆಟ್ಟದಷ್ಟು ಮಾಂಸ, ಲೆಕ್ಕವಿಲ್ಲದಷ್ಟು ಕಣ್ಣು, ಬಾಯಿ ಬೆಳೆಸಿಕೊಂಡವರೇ ಓಲ್ಡ್ ಗಾಡ್ಸ್.

ಅಜೆರಾತ್‌ನ ಒಡಲಲ್ಲಿ ಇನ್ನೂ ಹುಟ್ಟದ ಒಂದು ಟೈಟನ್, ಅಂದರೆ ಲೋಕಗಳನ್ನು ತಿದ್ದಿ ತೀಡುವ ದೈತ್ಯ ದೇವತೆ, ಮಲಗಿದೆ. ಅದನ್ನು ಕೆಡಿಸಿ ಕತ್ತಲಿನ ಕಡೆಗೆ ಎಳೆದುಕೊಳ್ಳುವುದೇ ಇವರ ಕೆಲಸ. ಮಾವಿನ ಮರಕ್ಕೆ ಬದನಿಕೆ ಹತ್ತಿದ ಹಾಗೆ ಅಂದುಕೊಳ್ಳಿ. ಹಸಿರಾಗಿಯೇ ಕಾಣುತ್ತದೆ, ರಸ ಹೀರುವುದು ಮಾತ್ರ ಮರದ್ದು.

ಪೂಜೆ ಮಾಡುವವರಿದ್ದಾರೆ, ಹಾಗಾಗಿ ದೇವರು ಎಂಬ ಹೆಸರು. ಕನ್ನಡದಲ್ಲಿ "ಹಳೇ ದೇವರು" ಎಂದ ಕೂಡಲೇ ಊರ ಹೊರಗಿನ ಹಳೇ ಗುಡಿ ಕಣ್ಣಿಗೆ ಬರುತ್ತದೆ. ನಮ್ಮ ಅಜ್ಜಿಗೆ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಅವರಿಗೆ ಹಣ್ಣುಕಾಯಿ ನಡೀತದಾ?"

ಒಟ್ಟು ಎಷ್ಟು ಜನ? ಹೆಸರು ಹೇಳೋಕೇ ಬರಲ್ಲ.

ಅಜೆರಾತ್‌ನಲ್ಲಿ ನಾಲ್ವರು: ಕ್ಥೂನ್, ಯಾಗ್-ಸಾರೋನ್, ಯಶಾರ್ಜ್, ಎನ್‌ಜೋತ್. ಇವರಲ್ಲದೆ ಗಹೂನ್ ಎಂಬ ಒಬ್ಬನಿದ್ದಾನೆ. ಕೆಡುಕನ್ನು ಅರ್ಥ ಮಾಡಿಕೊಳ್ಳಲು ಟೈಟನ್‌ಗಳ ಕಡೆಯವರು ನಡೆಸಿದ ಪ್ರಯೋಗದಿಂದ ಅಕಸ್ಮಾತ್ ಹುಟ್ಟಿದವನು ಅವನು. 2018ರಲ್ಲಿ ಉಲ್ಡಿರ್ ಎಂಬ ರೇಡ್‌ನಲ್ಲಿ (ಆಟಗಾರರು ಗುಂಪಾಗಿ ಮಾಡುವ ದಾಳಿಯಲ್ಲಿ) ಸಿಗುತ್ತಾನೆ.

ಹೆಸರಿನ ನಡುವೆ ಅಪಾಸ್ಟ್ರಫಿ ಇಟ್ಟು ನಾಲಿಗೆ ತೊಡರಿಸುವುದು ಆಟ ಮಾಡಿದ ಬ್ಲಿಝಾರ್ಡ್ ಕಂಪನಿಯ ಹಳೇ ಚಾಳಿ. ಕೆಲವು ಹೆಸರುಗಳಿಗೆ ಅಮೆರಿಕದ ಭಯಕಥೆಗಾರ ಲವ್‌ಕ್ರಾಫ್ಟ್ ಇಟ್ಟ ಹೆಸರುಗಳೇ ಮೂಲ. ನಿಮ್ಮ ಬಾಯಿಗೆ ಬಂದ ಹಾಗೆ ಹೇಳಿ. ಯಾರೂ ಪರೀಕ್ಷೆ ಮಾಡುವುದಿಲ್ಲ.

"ಕರಪ್ಷನ್" ಅಂದ್ರೆ ಲಂಚನಾ?

ನಮ್ಮ ಚಿಕ್ಕಪ್ಪ ಕೇಳಿದ್ದು. ಪರದೆ ಮೇಲೆ "ಕರಪ್ಷನ್ 45" ಎಂದು ನೋಡಿ, "ಪರವಾಗಿಲ್ಲವೇ, ನಮ್ಮಲ್ಲಿಗಿಂತ ಕಮ್ಮಿ" ಅಂದರು.

ಇಲ್ಲಿ ಅದರ ಅರ್ಥ ಕೆಡುವುದು. ಹಾಲು ಕೆಡುತ್ತದಲ್ಲ, ಹಾಗೆ. ಹುಳಿ ಎಷ್ಟು ಬಿತ್ತು ಎಂಬುದು ಮುಖ್ಯವಾಗುವುದಿಲ್ಲ, ಬಿದ್ದ ಮೇಲೆ ಅದು ಮತ್ತೆ ಹಾಲಾಗುವುದಿಲ್ಲ. ಈ ಬರಹದಲ್ಲಿ ನಾನು "ಕೆಡುಕು" ಎಂದೇ ಬರೆಯುತ್ತೇನೆ. ಭ್ರಷ್ಟಾಚಾರ ಎಂದು ಬರೆದರೆ ಯಾಗ್-ಸಾರೋನ್ ಫೈಲಿಗೆ ಸಹಿ ಹಾಕಲು ದುಡ್ಡು ಕೇಳುವವನ ಹಾಗೆ ಕಾಣುತ್ತಾನೆ.

ಟೈಟನ್‌ಗಳು ಅಷ್ಟು ಬಲಶಾಲಿಗಳಲ್ವಾ? ಸುಮ್ನೆ ಕೊಂದು ಹಾಕೋದು ಬಿಟ್ಟು ಸೆರೆಯಲ್ಲಿ ಯಾಕೆ ಇಟ್ಟರು?

ಒಬ್ಬನನ್ನು ಕೊಂದು ನೋಡಿದರು. ಟೈಟನ್‌ಗಳ ಹಿರಿಯ ಅಮಾನ್‌ಥುಲ್ ಯಶಾರ್ಜ್‌ನನ್ನು ಬುಡಸಮೇತ ಕಿತ್ತ. ಆದರೆ ಬೇರು ಎಷ್ಟು ಆಳಕ್ಕೆ ಇಳಿದಿತ್ತೆಂದರೆ ನೆಲವೇ ಸೀಳಿ, ಅಜೆರಾತ್‌ನ ರಕ್ತ ಚಿಮ್ಮಿತು. ಆ ಗಾಯವೇ ಆಮೇಲೆ ವೆಲ್ ಆಫ್ ಎಟರ್ನಿಟಿ ಎಂಬ ಮಾಂತ್ರಿಕ ಸರೋವರವಾಯಿತು. ಉಳಿದ ಮೂವರನ್ನೂ ಹೀಗೇ ಕಿತ್ತರೆ ಲೋಕವೇ ಸಾಯುತ್ತದೆ ಎಂದು ಹೆದರಿ, ಇದ್ದಲ್ಲೇ ಸುತ್ತ ಸೆರೆಮನೆ ಕಟ್ಟಿ ಕಾವಲಿಟ್ಟರು. ಸೆರೆಯಲ್ಲಿದ್ದವರಿಗೆ ಮಾತು ಮಾತ್ರ ಉಳಿಯಿತು. ಮುಂದಿನ ಕಥೆ ನಡೆದದ್ದೆಲ್ಲ ಆ ಮಾತಿನಿಂದ.

ಕ್ಥೂನ್ ಹತ್ರ ಹೋದ್ರೆ ಕಿವೀಲಿ ಪಿಸುಗುಟ್ತಾನಂತೆ, ನಿಜಾನಾ?

ನಿಜ. ಅವನ ಸೆರೆಮನೆಯಿರುವ ಆನ್‌ಕಿರಾಜ್ ರೇಡ್ ಮೊದಲು ಬಂದದ್ದು 2006ರ ಜನವರಿಯಲ್ಲಿ. ಒಂದೊಂದು ಸರ್ವರಿನ ಆಟಗಾರರೆಲ್ಲ ಸೇರಿ ಬ್ಯಾಂಡೇಜು, ತಾಮ್ರದ ಗಟ್ಟಿ, ಅಡುಗೆ ಪದಾರ್ಥ ಕೂಡಿಹಾಕಿದ ಮೇಲೆ ಬಾಗಿಲು ತೆರೆಯುತ್ತಿತ್ತು. ಅಷ್ಟು ಮಾಡಿದರೂ ಏಪ್ರಿಲ್‌ವರೆಗೆ ಕ್ಥೂನ್ ಯಾರ ಕೈಗೂ ಸಿಗಲಿಲ್ಲ.

ನಾನು ಹೋದದ್ದು ತಡವಾಗಿ, 2020ರಲ್ಲಿ, ಹಳೇ ಆಟವನ್ನೇ ಮರಳಿ ತಂದ ಕ್ಲಾಸಿಕ್ ಆವೃತ್ತಿಯಲ್ಲಿ. ಲಾಕ್‌ಡೌನ್ ಕಾಲ, ರಾತ್ರಿ ಒಂದೂವರೆ, ಕಿವಿಯಲ್ಲಿ ಹೆಡ್‌ಫೋನ್. ಒಳಗಿನ ಓಣಿಯಲ್ಲಿ ನಡೆಯುತ್ತಿದ್ದಾಗ ಯಾರೋ ತೀರಾ ಹತ್ತಿರದಿಂದ, ಉಸಿರು ತಾಗುವ ಹಾಗೆ, ನಿನ್ನ ಗೆಳೆಯರು ನಿನ್ನನ್ನು ಬಿಟ್ಟುಹೋಗುತ್ತಾರೆ ಎಂದರು. "ಏಯ್, ಕೇಳಿಸ್ತಾ?" ಎಂದು ಜೊತೆಯವರನ್ನು ಕೇಳಿದೆ. "ಏನು?" ಎಂದರು. ಅವರಿಗೆ ಕೇಳಿಸಿರಲಿಲ್ಲ. ನಾಲ್ಕು ನಿಮಿಷ ಬಿಟ್ಟು ಅವರಲ್ಲೊಬ್ಬ ಇದ್ದಕ್ಕಿದ್ದ ಹಾಗೆ ಸುಮ್ಮನಾದ. ಅವನಿಗೇನು ಕೇಳಿಸಿತೋ, ಹೇಳಲಿಲ್ಲ.

ಆಟದ ಕೆಡುಕು ಹೇಗೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಕೇಳಿದರೆ ಮೊದಲು ಈ ಓಣಿಯ ಕಥೆಯನ್ನೇ ಹೇಳುತ್ತೇನೆ. ಒಬ್ಬೊಬ್ಬರನ್ನೇ ಬೇರೆ ಮಾಡಿ, ಒಬ್ಬೊಬ್ಬರ ಕಿವಿಗೇ.

## ಕೆಡುಕಿನ ಕೆಲಸ

ಮನಸ್ಸನ್ನು ಕೆಡಿಸೋದು ಹೇಗೆ? ಮಂತ್ರನಾ, ರೋಗನಾ?

ದೆವ್ವ ಹಿಡಿದ ಹಾಗೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಅದು ಚಾಡಿ ಮಾತಿನ ಹಾಗೆ ಕಾಣುತ್ತದೆ. ಮಂಥರೆ ಕೈಕೇಯಿಯ ಕಿವಿ ಊದಿದ್ದು ನೆನಪಿದೆಯಲ್ಲ? ಮಗನ ಮೇಲಿನ ಪ್ರೀತಿ ಕೈಕೇಯಿಯದ್ದೇ. ಮಂಥರೆ ಅದಕ್ಕೆ ಭಯ ಬೆರೆಸಿದಳು, ಅಷ್ಟೆ.

ಇದಕ್ಕೆ ಲೋಕೆನ್‌ಗಿಂತ ಒಳ್ಳೇ ಉದಾಹರಣೆ ಆಟದಲ್ಲಿಲ್ಲ. ಟೈಟನ್‌ಗಳು ನೇಮಿಸಿದ ಕಾವಲುಗಾರರಲ್ಲಿ ಒಬ್ಬ ಅವನು. ಉಲ್ಡುವಾರ್‌ನಲ್ಲಿ ಯಾಗ್-ಸಾರೋನ್‌ನ ಸೆರೆಮನೆ ಕಾಯಬೇಕಿತ್ತು. ಆದರೆ ಅಣ್ಣ ಥೋರಿಮ್‌ನ ಹೆಂಡತಿ ಸಿಫ್ ಮೇಲೆ ಅವನಿಗೆ ಮನಸ್ಸಾಯಿತು. ಅವಳು ಸಂಬಂಧ ಮುರಿದುಕೊಳ್ಳಲು ಹೊರಟಾಗ ಸಿಟ್ಟಿನಲ್ಲಿ ಕೊಂದುಬಿಟ್ಟ. ಹೆಣದ ಪಕ್ಕ ಕೂತು ನಡುಗುತ್ತಿದ್ದವನ ಎದುರು ಸಿಫ್‌ಳ ಆತ್ಮವೇ ಬಂದು ನಿಂತಿತು. ನಿನ್ನನ್ನು ಕ್ಷಮಿಸಿದ್ದೇನೆ ಎಂದಿತು. ಅಣ್ಣನಿಗೆ ನಿಜ ಗೊತ್ತಾಗಬಾರದು, ಹಿಮದೈತ್ಯರ ಮೇಲೆ ತಪ್ಪು ಹೊರಿಸು ಎಂದಿತು. ಅವನು ಹಾಗೇ ಮಾಡಿದ. ದೊಡ್ಡ ಯುದ್ಧವೇ ಆಯಿತು.

ಆ ಆತ್ಮ ಸಿಫ್ ಅಲ್ಲ ಎಂದು ನೀವು ಆಗಲೇ ಊಹಿಸಿರುತ್ತೀರಿ.

ಯಾಗ್-ಸಾರೋನ್ ಅವನಿಗೆ ಬೆದರಿಕೆ ಹಾಕಲಿಲ್ಲ, ಆಸೆಯನ್ನೂ ತೋರಿಸಲಿಲ್ಲ. ಅವನಿಗೆ ಆ ಹೊತ್ತಿನಲ್ಲಿ ಬೇಕಿದ್ದ ಒಂದೇ ವಸ್ತುವನ್ನು ಕೊಟ್ಟ: ಕ್ಷಮೆ. ಒಂದು ಸುಳ್ಳು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಕೊನೆಗೆ ಕಾವಲುಗಾರನೇ ಕೈದಿಯ ಆಳಾದ.

ನೆಲ್ಥಾರಿಯನ್ ಡೆತ್‌ವಿಂಗ್ ಆಗಿದ್ದು ಅವನ ತಪ್ಪಾ? ಪಾಪ ಅಲ್ವಾ?

ಪಾಪ ಅನ್ನಿಸುವುದು ಸಹಜ. ನೆಲ್ಥಾರಿಯನ್ ಕಪ್ಪು ಡ್ರ್ಯಾಗನ್‌ಗಳ ನಾಯಕ, ಪಿಸುಮಾತಿಗೆ ಕೆಟ್ಟು ಡೆತ್‌ವಿಂಗ್ ಎಂಬ ಖಳನಾದವನು. ನೆಲವನ್ನು ಕಾಯುವ ಕೆಲಸ ಅವನದು. ನೆಲದೊಳಗೇ ಸೆರೆಯಾದವರ ದನಿ ಅವನಿಗಲ್ಲದೆ ಇನ್ನಾರಿಗೆ ಜಾಸ್ತಿ ಕೇಳಿಸಬೇಕು? ನೌಕರಿಯೇ ಅವನನ್ನು ಅಪಾಯಕ್ಕೆ ಒಡ್ಡಿತು.

ಹಾಗೆಂದು ಪೂರ್ತಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. 2023ರಲ್ಲಿ ಡ್ರ್ಯಾಗನ್‌ಫ್ಲೈಟ್ ಎಂಬ ವಿಸ್ತರಣೆಯ (ಆಟಕ್ಕೆ ಸೇರಿಸಿದ ಹೊಸ ಭಾಗದ) ಅಬೆರಸ್ ರೇಡ್ ಬಂತು. ಅಲ್ಲಿ ಅವನ ಗುಟ್ಟಿನ ಪ್ರಯೋಗಶಾಲೆಯೊಳಗೇ ನಡೆಯುತ್ತೇವೆ. ಉಳಿದ ಡ್ರ್ಯಾಗನ್ ನಾಯಕರಿಂದ ಮುಚ್ಚಿಟ್ಟು ಏನೇನೆಲ್ಲ ಮಾಡುತ್ತಿದ್ದ ಎಂಬುದು ಕಣ್ಣಿಗೆ ಬೀಳುತ್ತದೆ. ಪಿಸುಮಾತು ಕೇಳಿಸಿದ್ದು ಅವನ ದುರದೃಷ್ಟ. ಕೇಳಿಸುತ್ತಿದೆ ಎಂದು ಯಾರಿಗೂ ಹೇಳದೆ ಇದ್ದದ್ದು ಅವನದೇ ತೀರ್ಮಾನ.

ಅಜ್‌ಶಾರಾನ ಎನ್‌ಜೋತ್ ಕೆಡಿಸಿದ್ನಾ?

ಇಲ್ಲ ಮಾರಾಯ್ರೆ, ಎಲ್ಫ್‌ಗಳ ಆ ರಾಣಿ ವ್ಯಾಪಾರ ಕುದುರಿಸಿದಳು. 2018ರ ಕಿರುಚಿತ್ರವೊಂದರಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. ರಾಜಧಾನಿ ಮುಳುಗಿದೆ, ರಾಣಿಯೂ ಮುಳುಗುತ್ತಿದ್ದಾಳೆ. ಎನ್‌ಜೋತ್ ಮೀನಿನ ರೂಪದಲ್ಲಿ ಬಂದು, ನನ್ನ ಸೇವೆ ಮಾಡು, ಬದುಕಿಸುತ್ತೇನೆ ಎನ್ನುತ್ತಾನೆ. ಉಸಿರು ನಿಲ್ಲುವ ಹೊತ್ತಿನಲ್ಲೂ ಅವಳು ಚೌಕಾಸಿ ಮಾಡುತ್ತಾಳೆ. ಸೇವಕಿಯಾಗಲ್ಲ, ರಾಣಿಯಾಗಿಯೇ ಇರುತ್ತೇನೆ ಎನ್ನುತ್ತಾಳೆ. ಅವನೇ ಸೋತು ಒಪ್ಪುತ್ತಾನೆ. ಕೆಡಿಸಲು ಅಲ್ಲಿ ಬಾಕಿ ಏನೂ ಉಳಿದಿರಲಿಲ್ಲ.

ಗರೋಶ್‌ನ ಯಶಾರ್ಜ್ ಹಿಡ್ಕೊಂಡಿದ್ದ ಅಂತಾರೆ. ಅವನೇನೂ ಮಾಡ್ಲಿಲ್ಲ ಅಂತ ನನ್ನ ವಾದ.

ಈ ವಾದ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ. ಸತ್ತ ಯಶಾರ್ಜ್‌ನ ಹೃದಯ ಪಾಂಡಾರಿಯಾ ಎಂಬ ಖಂಡದ ಮಣ್ಣಿನಲ್ಲಿತ್ತು. ಅದನ್ನು ಹುಡುಕಿಸಿ, ಅಗೆಸಿ, ಅಲ್ಲಿನ ಪವಿತ್ರ ಕೊಳದ ನೀರಿಗೆ ಹಾಕಿಸಿದ್ದು ಆರ್ಕ್‌ಗಳ ನಾಯಕ ಗರೋಶ್. ಇಡೀ ಕಣಿವೆ ಹಾಳಾಯಿತು. 2013ರ ಸೀಜ್ ಆಫ್ ಆರ್ಗ್ರಿಮಾರ್ ರೇಡ್‌ನಲ್ಲಿ ನಾವು ಅವನನ್ನು ಎದುರಿಸುವಾಗ ಆ ಹೃದಯದ ಶಕ್ತಿ ಅವನ ಮೈಯಲ್ಲಿತ್ತು, ನಿಜ. ಆದರೆ ಅಲ್ಲಿಗೆ ಬರುವ ಮುಂಚೆಯೇ ಅವನು ಥೆರಮೋರ್ ನಗರವನ್ನು ಒಂದೇ ಬಾಂಬಿನಿಂದ ಅಳಿಸಿಹಾಕಿದ್ದ. ಆಗ ಯಾವ ಹೃದಯವೂ ಹತ್ತಿರ ಇರಲಿಲ್ಲ.

2021ರಲ್ಲಿ ಅವನ ಆತ್ಮವನ್ನು ಮತ್ತೆ ಕಾಣುತ್ತೇವೆ. ಅಷ್ಟು ಹಿಂಸೆ ಕೊಟ್ಟರೂ ಪಶ್ಚಾತ್ತಾಪವಿಲ್ಲ ಎನ್ನುತ್ತಾನೆ. ಅವನೇ ಹೊತ್ತುಕೊಂಡಿರುವ ಹೊಣೆಯನ್ನು ಅಭಿಮಾನಿಗಳು ಯಾಕೆ ಇಳಿಸಬೇಕು?

ಷಾ ಅಂದ್ರೆ ಓಲ್ಡ್ ಗಾಡ್ಸ್‌ನ ಮಕ್ಕಳಾ?

ಉಸಿರು ಎನ್ನಬಹುದು. ಯಶಾರ್ಜ್‌ಗೆ ಏಳು ತಲೆ. ಸತ್ತಾಗ ಕೊನೆಯುಸಿರು ಪಾಂಡಾರಿಯಾದ ನೆಲಕ್ಕೆ ಇಳಿಯಿತು. ಅದರಿಂದ ಏಳು ಷಾ ಆದವು: ಸಿಟ್ಟು, ದ್ವೇಷ, ಭಯ, ಸಂಶಯ, ಹತಾಶೆ, ಹಿಂಸೆ, ಗರ್ವ. ಜನರ ಮನಸ್ಸಿನಲ್ಲಿ ಆ ಭಾವ ಎದ್ದರೆ ಷಾ ಬಲಿಯುತ್ತದೆ. ಅಲ್ಲಿನ ಪಾಂಡಾರೆನ್ ಜನ ಸಮಾಧಾನದಿಂದ ಚಹಾ ಕುಡಿಯುತ್ತಾ ಕೂರುವುದು ಸುಮ್ನೆ ಅಲ್ಲ, ಅವರಿಗೆ ಅದು ಕಾವಲಿನ ಕೆಲಸ.

ಸಾರೊನೈಟ್ ಓಲ್ಡ್ ಗಾಡ್‌ನ ರಕ್ತ ಅಂತಾರೆ. ನಾವು ಅದರ ಕವಚ ಹಾಕ್ಕೊಂಡಿದ್ವಲ್ಲ?

ಹಾಕಿಕೊಂಡಿದ್ದೆವು. ಕಮ್ಮಾರಿಕೆ ಕಲಿತವರು ಮಾರಿ ದುಡ್ಡನ್ನೂ ಮಾಡಿದರು. ಸಾರೊನೈಟ್ ಯಾಗ್-ಸಾರೋನ್‌ನ ಗಟ್ಟಿಯಾದ ರಕ್ತ. ನಾರ್ತ್‌ರೆಂಡ್‌ನ ಗಣಿಗಳಲ್ಲಿ ಅದನ್ನು ಅಗೆಯುವ ಗುಲಾಮರಿಗೆ ಹುಚ್ಚು ಹಿಡಿಯುತ್ತದೆ. ಅದನ್ನೇ ತೊಟ್ಟ ಆಟಗಾರರಿಗೆ ಏನೂ ಆಗುವುದಿಲ್ಲ. ಇದಕ್ಕೆ ಕಥೆಯಲ್ಲಿ ಉತ್ತರ ಹುಡುಕಬೇಡಿ. ಆಟ ನಡೆಯಬೇಕಲ್ಲ.

8.3 ಅಪ್‌ಡೇಟ್‌ನಲ್ಲಿ ಕರಪ್ಷನ್ ಸಿಸ್ಟಮ್ ಬಂತಲ್ಲ, ಅದು ಬರೀ ನಂಬರ್ ಆಟ ಅಲ್ವಾ? ಕಥೆಗೇನು ಸಂಬಂಧ?

ನನ್ನ ಪ್ರಕಾರ ಇಡೀ ಆಟದಲ್ಲಿ ಕೆಡುಕನ್ನು ನಿಜವಾಗಿ ಅರ್ಥ ಮಾಡಿಸಿದ್ದು ಅದೇ.

2020ರ ಜನವರಿಯಲ್ಲಿ ಎನ್‌ಜೋತ್‌ನ ನಗರ ನಯಲೋಥಾ ತೆರೆಯಿತು. ಅಲ್ಲಿಂದ ಸಿಗುವ ಕೆಲವು ಉಂಗುರ, ಕವಚ, ಆಯುಧಗಳಿಗೆ ಕೆಡುಕು ಅಂಟಿರುತ್ತಿತ್ತು. ಅದರಿಂದ ಭಾರೀ ಶಕ್ತಿ ಬರುತ್ತಿತ್ತು. ಬದಲಿಗೆ ನಿಮ್ಮ ಕೆಡುಕಿನ ಅಂಕ ಏರುತ್ತಿತ್ತು. 1 ಇದ್ದರೆ ಆಗಾಗ ನೆಲದಿಂದ ಬಳ್ಳಿ ಎದ್ದು ಕಾಲು ಹಿಡಿಯುತ್ತದೆ. 20ಕ್ಕೆ ಒಂದು ಕಣ್ಣು ಹುಟ್ಟಿ ನಿಮ್ಮನ್ನು ಸುಡುತ್ತದೆ. 40ಕ್ಕೆ ನಿಮ್ಮ ಬೆನ್ನು ಹತ್ತಿ ಒಂದು ಪ್ರಾಣಿ ಬರುತ್ತದೆ. 60ಕ್ಕೆ ಅದು ಮುಟ್ಟಿದರೆ ಕಣ್ಣು, ಬಳ್ಳಿ ಎಲ್ಲ ಒಟ್ಟಿಗೇ. 80ಕ್ಕೆ ಪೆಟ್ಟು ಜಾಸ್ತಿ ಬೀಳುತ್ತದೆ, ಗಾಯ ಮಾಯುವುದು ಕಮ್ಮಿಯಾಗುತ್ತದೆ. ತಡೆಯಲು ಮೇಲೊಂದು ಮಾಂತ್ರಿಕ ಹೊದಿಕೆ. ಬೇಡವಾದರೆ ಮದರ್ ಎಂಬ ಯಂತ್ರದ ಹತ್ತಿರ ಹೋಗಿ ವಸ್ತುವನ್ನು ಶುದ್ಧ ಮಾಡಿಸಬಹುದಿತ್ತು.

ಯಾರು ಮಾಡಿಸಿದರು? ನನ್ನ ಹಂಟರ್ ಪಾತ್ರವನ್ನು 60ರ ಗೆರೆಗೆ ಒಂದೇ ಅಂಕ ಕಮ್ಮಿ ಇರುವ ಹಾಗೆ ಕೂಡಿ ಕಳೆದು ಇಟ್ಟುಕೊಂಡಿದ್ದೆ. ಬೆನ್ನು ಹತ್ತಿ ಬರುವ ಪ್ರಾಣಿಯಿಂದ ತಪ್ಪಿಸಿಕೊಳ್ಳಲು ಓಡುತ್ತಾ ಬಾಣ ಬಿಡುತ್ತಿದ್ದೆ. ಗೆಳೆಯನೊಬ್ಬ 80 ದಾಟಿಸಿ, "ನಾನು ಸಾಯೋ ಮುಂಚೆ ಶತ್ರುನೇ ಸಾಯ್ತಾನೆ ಬಿಡು" ಎನ್ನುತ್ತಿದ್ದ. ಆ ವರ್ಷದ ಮೇ ತಿಂಗಳಲ್ಲಿ ಶುದ್ಧ ಮಾಡುವ ಅದೇ ಮದರ್ ಕೆಡುಕನ್ನು ಮಾರಲೂ ಶುರು ಮಾಡಿತು. ಎಲ್ಲರೂ ಸಾಲು ನಿಂತರು, ನಾನೂ.

ವರ್ಷಗಟ್ಟಲೆ ಡೆತ್‌ವಿಂಗ್‌ನನ್ನು ಬೈದವರು ನಾವು. ಒಂದು ಉಂಗುರಕ್ಕೆ ಬಿದ್ದೆವು. ಯಾರೂ ಕಿವಿಯಲ್ಲಿ ಪಿಸುಗುಟ್ಟಬೇಕಾಗಿ ಬರಲಿಲ್ಲ.

## ಅಭಿಮಾನಿಗಳ ಊಹೆಗಳು

ಐದನೇ ಓಲ್ಡ್ ಗಾಡ್ ಇದ್ದಾನಾ ಇಲ್ವಾ?

ಈ ಊಹೆ ಗಾಳಿಯಿಂದ ಹುಟ್ಟಿದ್ದಲ್ಲ. ಆಟದೊಳಗೇ ಸಿಗುವ ಒಂದು ಹಳೇ ಪುಸ್ತಕದಲ್ಲಿ ಟೈಟನ್‌ಗಳು ಐದು ದುಷ್ಟ ದೇವರುಗಳನ್ನು ಕಟ್ಟಿಹಾಕಿದರು ಎಂದಿದೆ. 2016ರಲ್ಲಿ ಕ್ರಾನಿಕಲ್ ಎಂಬ ಅಧಿಕೃತ ಚರಿತ್ರೆ ಬಂದಾಗ ನಾಲ್ವರು ಎಂದಿತು. ಆ ಒಬ್ಬ ಎಲ್ಲಿ ಹೋದ ಎಂದು ಜನ ಅಂದಿನಿಂದ ಹುಡುಕುತ್ತಲೇ ಇದ್ದಾರೆ. ಗಹೂನ್ ಬಂದಾಗ ಸಿಕ್ಕಿದ ಎಂದರು. ಅವನು ಪ್ರಯೋಗದ ಕೂಸು, ಲೆಕ್ಕಕ್ಕೆ ಬರುವುದಿಲ್ಲ.

ಬರೆಯುವವರು ನಡುದಾರಿಯಲ್ಲಿ ಲೆಕ್ಕ ಬದಲಿಸಿದರು ಎಂಬುದು ನನ್ನ ನೀರಸ ಉತ್ತರ. ಆದರೆ ಉಳಿದವರು ತಿಂದುಹಾಕಿದ ಒಬ್ಬನಿದ್ದ ಎಂಬ ಎಳೆಯನ್ನು ಆಟವೇ ಜಲಾತಾತ್ ಎಂಬವಳ ವಿಷಯದಲ್ಲಿ ಜೀವಂತ ಇಟ್ಟಿದೆ. ಅವಳ ಪ್ರಶ್ನೆ ಮುಂದಿದೆ.

ಟಿರಿಸ್‌ಫಾಲ್ ಕಾಡಿನ ಕೆಳಗೆ ಓಲ್ಡ್ ಗಾಡ್ ಇದ್ದಾನೆ ಅಂತ ಹಳೇ ಪ್ಲೇಯರ್ಸ್ ಹೇಳ್ತಾರಲ್ಲ?

ನನಗೆ ತುಂಬಾ ಇಷ್ಟದ ಊಹೆ ಇದು. ಯಾಕೆಂದರೆ ಇದು ಅರ್ಧ ನಿಜವಾಯಿತು.

ಇದ್ದ ಸುಳಿವು ಇಷ್ಟು. ತವರಿನಿಂದ ಗಡೀಪಾರಾದ ಎಲ್ಫ್‌ಗಳು ಹಡಗು ಹತ್ತಿ ಬಂದು ಟಿರಿಸ್‌ಫಾಲ್‌ನಲ್ಲಿ ಇಳಿದರು. ನೆಲ ಚೆನ್ನಾಗಿತ್ತು, ನೀರಿತ್ತು. ಆದರೂ ಸ್ವಲ್ಪ ಕಾಲದಲ್ಲೇ ಹಲವರ ತಲೆ ಕೆಟ್ಟಿತು. ನೆಲದೊಳಗೆ ಏನೋ ಕೆಟ್ಟದ್ದು ಮಲಗಿದೆ ಎಂದು ಗಂಟುಮೂಟೆ ಕಟ್ಟಿ ಉತ್ತರಕ್ಕೆ ಹೊರಟುಹೋದರು. ಹುಚ್ಚು ಹಿಡಿಸುವ, ನೆಲದೊಳಗಿನ, ಹಳೇ ವಸ್ತು. ಓಲ್ಡ್ ಗಾಡ್ ಅಲ್ಲದೆ ಇನ್ನೇನು? ವರ್ಷಗಟ್ಟಲೆ ಜನ ಹಾಗೇ ವಾದಿಸಿದರು. ಆ ಕಾಡಿನಲ್ಲಿ ಪುಟ್ಟ ಪ್ರಾಣಿಗಳು ವೃತ್ತವಾಗಿ ಕೂತು ಹಾಡುವ ಒಂದು ಮೂಲೆಯಿದೆ. ಅಲ್ಲಿ ಹೋಗಿ ಗಂಟೆಗಟ್ಟಲೆ ಕಾದವರೂ ಇದ್ದಾರೆ.

2016ರಲ್ಲಿ ಉತ್ತರ ಸಿಕ್ಕಿತು. ಟೈರ್ ಎಂಬ ಕಾವಲುಗಾರ ಲೋಕೆನ್‌ನ ಮೋಸ ತಿಳಿದು, ಉಲ್ಡುವಾರ್‌ನಿಂದ ಜನರನ್ನು ಕರೆದುಕೊಂಡು ತಪ್ಪಿಸಿಕೊಳ್ಳುತ್ತಾನೆ. ಬೆನ್ನಟ್ಟಿ ಬಂದದ್ದು ಓಲ್ಡ್ ಗಾಡ್ಸ್‌ನ ಇಬ್ಬರು ಸೇನಾಪತಿಗಳು. ಒಬ್ಬ ಗಾಯಗೊಂಡು ಓಡಿಹೋದ. ಇನ್ನೊಬ್ಬ ಜಕಾಜ್. ಅವನನ್ನು ಕೊಂದು ಟೈರ್ ತಾನೂ ಬಿದ್ದ. ಇಬ್ಬರೂ ಬಿದ್ದ ಜಾಗದಲ್ಲೇ ಇಬ್ಬರಿಗೂ ಸಮಾಧಿ. ಟೈರ್ ಬಿದ್ದ ಜಾಗ, ಇಂಗ್ಲಿಷಿನಲ್ಲಿ ಟೈರ್ಸ್ ಫಾಲ್. ಜನರ ಬಾಯಲ್ಲಿ ಸವೆದು ಟಿರಿಸ್‌ಫಾಲ್.

ಹೆಸರಿನಲ್ಲೇ ಉತ್ತರ ಇತ್ತು. ಅಷ್ಟು ವರ್ಷ ದಿನಾ ಆ ಹೆಸರು ಓದಿದ್ದೆವು, ಯಾರಿಗೂ ಹೊಳೆಯಲಿಲ್ಲ.

ಎನ್‌ಜೋತ್ ಸತ್ತಿಲ್ಲ, ನಾವೆಲ್ಲ ಇನ್ನೂ ಅವನ ಭ್ರಮೆಯಲ್ಲೇ ಇದೀವಿ. ಇದಕ್ಕೆ ಏನಂತೀರಾ?

ಈ ಊಹೆ ಹುಟ್ಟಿದ್ದು ನಿರಾಸೆಯಿಂದ. ಸಮುದ್ರದ ತಳದಿಂದ ಹತ್ತು ಸಾವಿರ ವರ್ಷ ಸಂಚು ಮಾಡಿದವನು, ಹೊರಗೆ ಬಂದು ಕೆಲವೇ ತಿಂಗಳಲ್ಲಿ ಒಂದು ಬೆಳಕಿನ ಕಿರಣಕ್ಕೆ ಸುಟ್ಟುಹೋದ. ಕೊನೆಯ ದೃಶ್ಯ ಮುಗಿದಾಗ ಇಷ್ಟೇನಾ ಅನ್ನಿಸಿದ್ದು ನಿಜ. ಭ್ರಮೆ ತೋರಿಸುವುದೇ ಅವನ ವಿದ್ಯೆ. ಸ್ಟಾರ್ಮ್‌ವಿಂಡ್, ಆರ್ಗ್ರಿಮಾರ್ ಎಂಬ ಎರಡು ರಾಜಧಾನಿಗಳ ಭ್ರಮೆಯೊಳಗೂ ನಮ್ಮನ್ನು ಓಡಾಡಿಸಿದ್ದ. ಅದಕ್ಕೇ ಜನ, ಗೆದ್ದದ್ದೂ ಅವನು ತೋರಿಸಿದ ಕನಸು ಎಂದರು.

ಕೇಳಲು ಚೆನ್ನಾಗಿದೆ. ತೊಂದರೆ ಏನೆಂದರೆ ಇದನ್ನು ಸುಳ್ಳು ಎಂದು ತೋರಿಸಲು ದಾರಿಯೇ ಇಲ್ಲ. ಮುಂದೆ ಏನೇ ನಡೆದರೂ ಅದೂ ಕನಸು ಎಂದರೆ ಮುಗಿಯಿತು. ಹಾಗೆ ಯಾವ ಕಥೆಗಾದರೂ ಹೇಳಬಹುದು, ಅಲ್ವಾ?

ಇಲ್ಗಿನಾತ್ ಹೇಳಿದ ಭವಿಷ್ಯ ಎಲ್ಲ ನಿಜ ಆಯ್ತಾ?

2016ರ ಎಮರಾಲ್ಡ್ ನೈಟ್‌ಮೇರ್ ರೇಡ್‌ನಲ್ಲಿ ಇಲ್ಗಿನಾತ್ ಎಂಬ ದೈತ್ಯ ಕಣ್ಣು ಒಗಟುಗಳನ್ನು ಪಿಸುಗುಟ್ಟುತ್ತದೆ. ವಜ್ರಗಳ ರಾಜ ದಾಳವಾಗಿದ್ದಾನೆ. ಬಾಲರಾಜ ಒಡೆಯನ ಪಂಕ್ತಿಯಲ್ಲಿ ಬಡಿಸುತ್ತಾನೆ, ಮೂರು ಸುಳ್ಳು ಹೇಳುತ್ತಾನೆ. ಅವಳ ಮೂರನೇ ಸಾವಿನ ಗಳಿಗೆಯಲ್ಲಿ ನಾವು ಬರುತ್ತೇವೆ.

ಬಾಲರಾಜ ಅಂದರೆ ಸ್ಟಾರ್ಮ್‌ವಿಂಡ್‌ನ ಎಳೆಯ ರಾಜ ಆಂಡುವಿನ್ ಎಂದು ಎಲ್ಲರೂ ಹೇಳಿದರು. ಶಾಡೋಲ್ಯಾಂಡ್ಸ್ ವಿಸ್ತರಣೆಯಲ್ಲಿ ಜೈಲರ್ ಎಂಬ ಖಳ ಅವನನ್ನು ಗುಲಾಮ ಮಾಡಿಕೊಂಡಾಗ ನೋಡಿದಿರಾ ಎಂದರು. ಆ ಮೂರು ಸುಳ್ಳು ಯಾವುವು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಪಟ್ಟಿ. ಮೂರು ಸಾವಿನವಳು ಸತ್ತು ಎದ್ದ ರಾಣಿ ಸಿಲ್ವಾನಾಸ್ ಎನ್ನುವವರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಗಿಣಿಶಾಸ್ತ್ರದವನು ತೆಗೆದ ಕಾರ್ಡಿನ ಹಾಗೆ. ಆದದ್ದು ನೆನಪಿರುತ್ತದೆ, ಆಗದ್ದು ಮರೆತುಹೋಗುತ್ತದೆ.

ವಜ್ರಗಳ ರಾಜನ ಒಗಟು ಮಾತ್ರ ಬೇರೆ. ಅದನ್ನು ಕೊನೆಯ ಪ್ರಶ್ನೆಗೆ ಇಟ್ಟುಕೊಂಡಿದ್ದೇನೆ.

ಏಳು ಕಣ್ಣಿನ ಕಪ್ಪು ಮೇಕೆ ಯಾರು?

ಯಾಗ್-ಸಾರೋನ್‌ನ ಒಗಟಿನ ಪೆಟ್ಟಿಗೆ ಎಂಬ ಒಂದು ಆಟಿಕೆ ಇದೆ. ಆಟದೊಳಗಿನ ಆರ್ಕಿಯಾಲಜಿ ಕಸುಬು ಮಾಡಿದರೆ ಸಿಗುತ್ತದೆ. ತೆರೆದರೆ ಏನೇನೋ ಹೇಳುತ್ತದೆ. ಹೊರಗಿನಿಂದ ನೋಡುತ್ತಿರುವ ಏಳು ಕಣ್ಣಿನ ಕಪ್ಪು ಮೇಕೆಯ ಕನಸು ಮತ್ತೆ ಬಿತ್ತಾ ಎಂದು ಕೇಳುವುದು ಅದರಲ್ಲೊಂದು. ಏಳು ತಲೆಯ ಯಶಾರ್ಜ್ ಎಂದು ಕೆಲವರು. ವಾಯ್ಡ್ ಲಾರ್ಡ್ ಎಂದು ಕೆಲವರು. ನಾನು ತಲೆ ಕೆಡಿಸಿಕೊಂಡಿಲ್ಲ. ಪೆಟ್ಟಿಗೆಯನ್ನು ಆಟದ ಬ್ಯಾಂಕಿನಲ್ಲಿ ಇಟ್ಟಿದ್ದೇನೆ.

ಸಾರ್ಗೆರಾಸ್ ಕತ್ತಿ ಸಿಲಿಥಸ್‌ಗೇ ಯಾಕೆ ಚುಚ್ಚಿದ? ಕ್ಥೂನ್‌ಗೆ ಗುರಿ ಇಟ್ಟಿದ್ನಾ?

ಇರಬಹುದು. ಲೀಜನ್ ವಿಸ್ತರಣೆ ಮುಗಿದಾಗ ಕತ್ತಿ ಬಿದ್ದದ್ದು ಸಿಲಿಥಸ್‌ನಲ್ಲಿ, ಆನ್‌ಕಿರಾಜ್ ಪಕ್ಕದಲ್ಲೇ. ಸಾರ್ಗೆರಾಸ್ ಒಂದು ಕಾಲಕ್ಕೆ ಟೈಟನ್‌ಗಳ ವೀರ. ಓಲ್ಡ್ ಗಾಡ್ಸ್ ಹತ್ತಿದ ಒಂದು ಲೋಕವನ್ನು ಕಂಡು, ಒಳಗೆ ಮಲಗಿದ್ದ ಟೈಟನ್ ಕೂಸಿನ ಸಮೇತ ಎರಡಾಗಿ ಸೀಳಿದ್ದ. ಕೆಡುವುದಕ್ಕಿಂತ ಸಾಯುವುದು ಮೇಲು ಎಂಬ ಅವನ ವಾದ ಶುರುವಾದದ್ದು ಅಲ್ಲಿಂದ. ಈ ಊಹೆಗೆ ಆಟದಲ್ಲಿ ನೇರ ಸಾಕ್ಷಿಯಿಲ್ಲ. ಆದರೆ ಅವನ ಸ್ವಭಾವಕ್ಕೆ ಹೊಂದುತ್ತದೆ.

## ಆಳಕ್ಕೆ ಇಳಿಯುವವರಿಗೆ

ಮನುಷ್ಯರು ಹುಟ್ಟಿದ್ದೇ ಓಲ್ಡ್ ಗಾಡ್ ಶಾಪದಿಂದ ಅಂತಾರೆ. ಹಾಗಾದ್ರೆ ನಾವೇ ಕೆಡುಕಾ?

ಟೈಟನ್‌ಗಳ ಕೆಲಸಗಾರರು ಮೊದಲು ಕಲ್ಲು, ಲೋಹದ ಮೈಯವರು. ಅವರನ್ನು ಹುಟ್ಟಿಸುವ ಯಂತ್ರಕ್ಕೆ ಯಾಗ್-ಸಾರೋನ್ ಶಾಪ ಅಂಟಿಸಿದ. ದಾರಿ ಮಾಡಿಕೊಟ್ಟವನು ಅದೇ ಲೋಕೆನ್. ಮೆಲ್ಲಗೆ ಅವರ ಮೈ ಮಾಂಸವಾಯಿತು. ಕಲ್ಲಿನ ಮೈಯವರಿಂದ ಕುಳ್ಳರು (ಡ್ವಾರ್ಫ್‌ಗಳು), ಯಂತ್ರದವರಿಂದ ನೋಮ್‌ಗಳು, ವ್ರಿಕುಲ್ ಎಂಬ ದೈತ್ಯರಿಂದ ಮನುಷ್ಯರು. ಮಾಂಸವಾದರೆ ಹೆದರುತ್ತಾರೆ, ಮುಪ್ಪಾಗುತ್ತಾರೆ, ಮಾತಿಗೆ ಬೀಳುತ್ತಾರೆ ಎಂಬುದು ಅವನ ಲೆಕ್ಕ.

ಲೆಕ್ಕ ಉಲ್ಟಾ ಹೊಡೆಯಿತು. 2009ರಲ್ಲಿ ಉಲ್ಡುವಾರ್‌ಗೆ ನುಗ್ಗಿ ಯಾಗ್-ಸಾರೋನ್‌ನನ್ನು ಮಲಗಿಸಿದ್ದು ಕಲ್ಲಿನ ಕಾವಲುಗಾರರಲ್ಲ. ಅವರೆಲ್ಲ ಆಗಲೇ ಅವನ ಮಾತಿಗೆ ಬಿದ್ದಿದ್ದರು. ನಾವು ಮೊದಲು ಅವರನ್ನು ಬಡಿದು ಎಬ್ಬಿಸಬೇಕಾಯಿತು. ಗೆದ್ದದ್ದು ಮಾಂಸದವರು. ಹಾಗಾಗಿ ಕೆಡುಕಿನಿಂದ ಹುಟ್ಟಿದವರೆಲ್ಲ ಕೆಡುಕು ಎಂಬುದನ್ನು ಆಟವೇ ಒಪ್ಪುವುದಿಲ್ಲ.

ಟೈಟನ್‌ಗಳೇ ನಿಜವಾದ ವಿಲನ್ ಅನ್ನೋ ಥಿಯರಿಗೆ ಈಗ ಬಲ ಬಂದಿದೆಯಲ್ವಾ?

ಬಂದಿದೆ. ಕ್ರಾನಿಕಲ್ ಬಂದಾಗ ಅದೇ ಅಂತಿಮ ಸತ್ಯ ಎಂದುಕೊಂಡಿದ್ದೆವು. ಆಮೇಲೆ ಬರೆದವರ ಕಡೆಯಿಂದಲೇ ಅದು ಟೈಟನ್‌ಗಳ ಕಣ್ಣಿನಿಂದ ಹೇಳಿದ ಚರಿತ್ರೆ ಎಂಬ ಮಾತು ಬಂತು. ಗೆದ್ದವರು ಬರೆಸಿದ ಶಾಸನ ಎಂದ ಹಾಗೆ. ಅಲ್ಲಿಂದ ಎಲ್ಲವನ್ನೂ ಮತ್ತೆ ಓದಬೇಕಾಯಿತು.

ಡ್ರ್ಯಾಗನ್‌ಫ್ಲೈಟ್‌ನಲ್ಲಿ ಟೈಟನ್ ಶಕ್ತಿ ಬೇಡ ಎಂದ ಡ್ರ್ಯಾಗನ್‌ಗಳನ್ನು ಕಾಣುತ್ತೇವೆ. ಅವರ ಸಿಟ್ಟಿಗೆ ಕಾರಣ ಇಲ್ಲದಿಲ್ಲ. 2024ರ ವಿಸ್ತರಣೆ ದಿ ವಾರ್ ವಿದಿನ್‌ನಲ್ಲಿ ಕಲ್ಲಿನ ಮೈಯ ಅರ್ಥನ್ ಜನ ಸಿಗುತ್ತಾರೆ. ಟೈಟನ್‌ಗಳ ಕಟ್ಟಳೆ ಮೀರಬಾರದು ಎಂದು ಬದುಕುವವರು ಒಂದು ಕಡೆ, ನಮ್ಮ ದಾರಿ ನಮಗೆ ಎನ್ನುವವರು ಇನ್ನೊಂದು ಕಡೆ. ಒಂದು ಮನಸ್ಸಿಗೆ ಹೊರಗಿನಿಂದ ಕಟ್ಟಳೆ ತುಂಬುವುದಕ್ಕೂ ಪಿಸುಮಾತು ತುಂಬುವುದಕ್ಕೂ ಎಷ್ಟು ವ್ಯತ್ಯಾಸ?

ಆದರೂ "ಟೈಟನ್ ಕೆಟ್ಟವರು, ಓಲ್ಡ್ ಗಾಡ್ಸ್ ಪಾಪದವರು" ಎಂದು ಪೂರ್ತಿ ತಿರುಗಿಸುವುದು ನನಗೆ ರುಚಿಸುವುದಿಲ್ಲ. ಜೈಲರು ಕೆಟ್ಟವನಾದರೆ ಕೈದಿ ಒಳ್ಳೆಯವನಾಗಬೇಕೆಂದಿಲ್ಲ.

ಲೈಟ್ ಕೂಡ ಕೆಡಿಸುತ್ತಾ?

ಲೈಟ್ ಅಂದರೆ ಕತ್ತಲಿಗೆ ಎದುರಾದ ಬೆಳಕಿನ ಶಕ್ತಿ. ಅದೂ ಕೆಡಿಸುತ್ತದೆ ಎನ್ನಲು ಒಂದು ದೃಶ್ಯ ಸಾಕು. 2017ರಲ್ಲಿ ಝೀರಾ ಎಂಬ ಬೆಳಕಿನ ಜೀವಿ, ಅರ್ಧ ರಾಕ್ಷಸನಾದ ಎಲ್ಫ್ ಇಲಿಡಾನ್‌ಗೆ ಹೊಸ ಮೈ ಕೊಡುತ್ತೇನೆ ಎನ್ನುತ್ತದೆ. ಅವನು ಬೇಡ ಎನ್ನುತ್ತಾನೆ. ಅದು ಕೇಳದೆ ಬೆಳಕಿನಿಂದ ಕಟ್ಟಿಹಾಕಿ ಬಲವಂತ ಮಾಡುತ್ತದೆ. ಅವನು ಅದನ್ನೇ ಒಡೆದುಹಾಕುತ್ತಾನೆ. ಕತ್ತಲು ಕಡೇಪಕ್ಷ ಪುಸಲಾಯಿಸಿ ಕೇಳುತ್ತದೆ, ಬೆಳಕು ಕೇಳುವುದೂ ಇಲ್ಲ ಎಂದು ಗೆಳೆಯನೊಬ್ಬ ಅಂದಿದ್ದ.

ಜಲಾತಾತ್ ಓಲ್ಡ್ ಗಾಡಾ? ಅವಳ ಹಿಂದೆ ಇಷ್ಟು ಜನ ಯಾಕೆ ಬಿದ್ದಿದ್ದಾರೆ?

ಮೊದಲು ಅವಳು ಒಂದು ಚೂರಿ. 2016ರ ಲೀಜನ್‌ನಲ್ಲಿ ಶಾಡೋ ಪ್ರೀಸ್ಟ್ (ಕತ್ತಲ ಪೂಜಾರಿ) ಪಾತ್ರ ಆಡುವವರ ಕೈಯಲ್ಲಿದ್ದ ಆಯುಧ. ದಾರಿಯುದ್ದಕ್ಕೂ ಮಾತಾಡುತ್ತಿದ್ದಳು: ಚುಚ್ಚು ಮಾತು, ಹಳೇ ನೆನಪು, ನಡುವೆ ಒಂದು ನಿಜ. ಜನ ಬಿದ್ದದ್ದು ಅಲ್ಲೇ. ವರ್ಷಾನುಗಟ್ಟಲೆ ಸೊಂಟದಲ್ಲಿದ್ದವಳು.

2019ರಲ್ಲಿ ಎನ್‌ಜೋತ್ ಜೊತೆ ವ್ಯವಹಾರ ಮಾಡಿ ಒಂದು ಎಲ್ಫ್ ಮೈ ಪಡೆದು ಹೊರಟುಹೋದಳು. ನಮ್ಮ ಹಣೆಗೆ ಎನ್‌ಜೋತ್‌ನ ಕಣ್ಣು ಅಂಟಿತು. ದಿ ವಾರ್ ವಿದಿನ್‌ನಲ್ಲಿ ಮಾಂತ್ರಿಕರ ಡಲಾರಾನ್ ನಗರವನ್ನೇ ಪುಡಿ ಮಾಡಿದಳು. ಯಶಾರ್ಜ್‌ನ ಉಗುರು ಎಂದು ಒಂದು ಮಾತು, ತಮ್ಮವರೇ ತಿಂದುಹಾಕಿದ ಮರೆತ ದೇವರ ಚೂರು ಎಂದು ಇನ್ನೊಂದು ಮಾತು. ನನಗೆ ಎರಡನೆಯದು ಇಷ್ಟ. ಹಾಗಾದರೆ ಓಲ್ಡ್ ಗಾಡ್ಸ್ ಒಬ್ಬೊಬ್ಬರಾಗಿ ಸಾಯುವುದನ್ನು ಅವಳು ಅಷ್ಟು ಖುಷಿಯಿಂದ ನೋಡಿದ್ದಕ್ಕೆ ಕಾರಣ ಸಿಗುತ್ತದೆ.

ಎಲ್ಲರ ಥಿಯರಿಗೂ ತಪ್ಪು ಹುಡುಕ್ತೀರಿ. ನಿಮ್ಮದೇನಾದರೂ ಇದೆಯಾ?

ಒಂದಿದೆ. ಹಾಸ್ಯ ಮಾಡಬೇಡಿ.

ಕುಳ್ಳರ ರಾಜ ಮ್ಯಾಗ್ನಿ ವಜ್ರದ ಮೈಯವನಾದ. ಅಂದಿನಿಂದ ಅವನಿಗೆ ಅಜೆರಾತ್‌ನ ದನಿ ಕೇಳಿಸತೊಡಗಿತು. ಲೋಕಕ್ಕೆ ಗಾಯವಾಗಿದೆ ಎಂದ. ಅಲ್ಲಿ ಹೋಗಿ, ಇಲ್ಲಿ ಹೋಗಿ, ಇದನ್ನು ತುಂಬಿಸಿ ಎಂದ. ನಾವು ಒಂದು ಮಾತೂ ಕೇಳದೆ ಓಡಿದೆವು. ಇಡೀ ಬ್ಯಾಟಲ್ ಫಾರ್ ಅಜೆರಾತ್ ವಿಸ್ತರಣೆಯಲ್ಲಿ ಕೊರಳಿಗೆ ಹಾಕಿಕೊಂಡು ತಿರುಗಿದ ಪದಕಕ್ಕೆ ಶಕ್ತಿ ತುಂಬಿಸಿದೆವು. ಕೊನೆಗೆ ಎನ್‌ಜೋತ್‌ನ ಸೆರೆ ಒಡೆಯಲು ಅಜ್‌ಶಾರಾ ಬಳಸಿಕೊಂಡದ್ದು ಅದೇ ಪದಕದ ಶಕ್ತಿಯನ್ನು.

ನೆಲದೊಳಗಿನಿಂದ ಬಂದ ದನಿ. ಒಬ್ಬನಿಗೆ ಮಾತ್ರ ಕೇಳಿಸುವ ದನಿ. ಕೇಳಿದವನು ಒಳ್ಳೆಯವನು, ಮಗಳಿಗೆ ಮಾಡಿದ ತಪ್ಪಿಗೆ ಒಳಗೊಳಗೇ ಕೊರಗುತ್ತಿದ್ದವನು. ಇದನ್ನು ಎಲ್ಲೋ ಕೇಳಿದ ಹಾಗಿಲ್ವಾ? ವಜ್ರಗಳ ರಾಜ ದಾಳವಾಗಿದ್ದಾನೆ ಎಂದು ಇಲ್ಗಿನಾತ್ ಮೊದಲೇ ಹೇಳಿತ್ತು. ಮ್ಯಾಗ್ನಿ ಕೇಳಿದ್ದೆಲ್ಲ ಅಜೆರಾತ್‌ನ ಮಾತಲ್ಲ, ನಡುನಡುವೆ ಬೇರೆ ಯಾರೋ ಅವಳ ದನಿಯಲ್ಲಿ ಮಾತಾಡಿದ್ದಾರೆ ಎಂಬುದು ನನ್ನ ಊಹೆ. ಸಿಫ್‌ಳ ದನಿಯಲ್ಲಿ ಒಮ್ಮೆ ಮಾತಾಡಿದವರಿಗೆ ಅದು ಕಷ್ಟವೇ?

ಬ್ಲಿಝಾರ್ಡ್ 2023ರಲ್ಲಿ ಮೂರು ಭಾಗದ ಕಥೆ ಘೋಷಿಸಿತಲ್ಲ, ಅದರ ಕೊನೆಯ ಭಾಗ ದಿ ಲಾಸ್ಟ್ ಟೈಟನ್. ಅದರಲ್ಲಿ ಮತ್ತೆ ಉಲ್ಡುವಾರ್‌ಗೆ ಹೋಗುತ್ತೇವೆ. ಅಲ್ಲಿ ಅಜೆರಾತ್ ತಾನೇ ಬಾಯಿಬಿಟ್ಟು, ಮ್ಯಾಗ್ನಿಗೆ ಹೇಳಿದ್ದೆಲ್ಲ ನಾನೇ ಎಂದರೆ ನನ್ನ ಊಹೆ ಸತ್ತಿತು. ಗಿಲ್ಡ್‌ನ (ಆಟದ ತಂಡದ) ಗೆಳೆಯನ ಜೊತೆ ಒಂದು ಮಸಾಲೆ ದೋಸೆ, ಎರಡು ಕಾಫಿ ಪಂದ್ಯ ಕಟ್ಟಿದ್ದೇನೆ.